ದ್ಯಾಮವ್ವನ ನಡುಕ

ಹೆಂಗಸಿನ ಬೆವರನ್ನು ಮೂಸಿ ನೋಡಿ, ಅವಳಿಗಿಂತ ಮೊದಲೇ ಅವಳ ಹೆದರಿಕೆಯನ್ನು ಅರಿಯುವ ಯಂತ್ರವೊಂದು ಇದ್ದರೆ? ಬ್ಯಾಡಗಿಯ ದಾನೇಶ್ವರಿಗೆ ಈ ಪ್ರಶ್ನೆ ಹೊಳೆದದ್ದು ಇಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿ, ಹಾವೇರಿಯ ಕಾಲೇಜಿಗೆ ಹೋಗುವ ತುಂಬಿದ ಬಸ್ಸಿನಲ್ಲಿ. ಹಿಂದಿನಿಂದ ಯಾರೋ ಒತ್ತರಿಸಿಕೊಂಡು ಬಂದಿದ್ದ. ಅದು ಅವಳ ಬೆನ್ನಿಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ ತಿಳಿಯಿತು. ನಡುವಿನ ಆ ನಾಲ್ಕು ಸೆಕೆಂಡು ಕೈಗೆ ಸಿಕ್ಕರೆ ಎಷ್ಟೋ ಜನ ತಪ್ಪಿಸಿಕೊಳ್ಳಬಹುದು ಎಂದು ಅವಳಿಗೆ ಅನಿಸಿತು. ಅದೇ ಗುಂಗಿನಲ್ಲಿ ಎರಡು ವರ್ಷ ಕಳೆದು, ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿಯನ್ನು ಮಾಡಿ ಅದಕ್ಕೆ ಜೋಪಾನ ಎಂದು ಹೆಸರಿಟ್ಟಳು.

ಪಟ್ಟಿಯ ಒಳಮೈ ಬೆವರನ್ನೂ ನಾಡಿಯನ್ನೂ ಓದುತ್ತಿತ್ತು. ಹೊರಮೈಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ, ವಾಸನೆ ಹಿಡಿಯುವ ಒಂದು ಮೂಗು ಇತ್ತು. ಕಟ್ಟಿಕೊಂಡವಳಿಗೆ ಹೆದರಿಕೆಯಾದ ಕೂಡಲೇ ಆ ಮೂಗು ಸುತ್ತಲಿನ ಗಾಳಿಯಲ್ಲಿ ಯಾರ ಮೈವಾಸನೆ ಇದೆ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಒಂದೇ ಸಲಕ್ಕೆ ಯಾರ ಮೇಲೂ ಅಪವಾದ ಹೊರಿಸಬಾರದೆಂದು ದಾನೇಶ್ವರಿ ಅದಕ್ಕೆ ತಾಳ್ಮೆಯನ್ನೂ ಕಲಿಸಿದ್ದಳು. ಒಂದೇ ವಾಸನೆ ಮೂರು ಸಲ ಹೆದರಿಸಿದರೆ ಮಾತ್ರ ಅದು ಅಪಾಯ ಎಂದು ಪಟ್ಟಿ ನಂಬುತ್ತಿತ್ತು. ನಂಬಿದ ಮೇಲೆ ಆ ವಾಸನೆ ಹತ್ತು ಹೆಜ್ಜೆಯಷ್ಟು ಹತ್ತಿರ ಸುಳಿದರೂ ಮಣಿಕಟ್ಟಿನ ಮೇಲೆ ನಡುಗಿ ಎಚ್ಚರಿಸುತ್ತಿತ್ತು. ಇನ್ನೂ ಒಂದು ಹೆಚ್ಚುಗಾರಿಕೆ ಇತ್ತು. ಒಂದು ಪಟ್ಟಿ ನಂಬಿದ್ದನ್ನು ಹತ್ತಿರದ ಪಟ್ಟಿಗಳೂ ತಾವಾಗಿಯೇ ನಂಬುತ್ತಿದ್ದವು. ಒಬ್ಬಳನ್ನು ಕಾಡಿದವನು ಇನ್ನೊಬ್ಬಳ ಬಳಿ ಬಂದರೆ ಅವಳ ಪಟ್ಟಿಯೂ ನಡುಗಬೇಕು. ಒಬ್ಬಳ ಹೆದರಿಕೆ ಎಲ್ಲರಿಗೂ ಕಾವಲು ಎಂದು ಯೋಜನೆಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಅದನ್ನು ನಾಲ್ಕು ಸಲ ಓದಿಕೊಂಡು ತಾನೇ ಖುಷಿಪಟ್ಟಿದ್ದಳು ಹುಡುಗಿ.

ವಿದ್ಯಾರ್ಥಿಗಳ ಉದ್ಯಮ ಸ್ಪರ್ಧೆಯ ಮೊದಲ ಸುತ್ತು ಹುಬ್ಬಳ್ಳಿಯಲ್ಲಿತ್ತು. ಮೂವರು ತೀರ್ಪುಗಾರರಲ್ಲಿ ಇಬ್ಬರು ತಲೆದೂಗಿದರು. ಮೂರನೆಯವರು ಡಾಕ್ಟರ್ ಅಚಲಾ ಎಂಬ ನರೆಗೂದಲಿನ ಹೆಂಗಸು. ಅಲ್ಲಿಯವರೆಗೂ ತೂಕಡಿಸುತ್ತಿದ್ದಾರೇನೋ ಎನ್ನುವಂತೆ ಕೂತಿದ್ದವರು, ಯಂತ್ರಕ್ಕೆ ಹೆದರಿಕೆಯನ್ನು ಕಲಿಸಿದ್ದು ಹೇಗೆ ಎಂದು ಕೇಳಿದರು. ಗೆಳತಿಯರಿಗೆ ದೆವ್ವದ ಸಿನಿಮಾ ತೋರಿಸಿದ್ದನ್ನೂ, ಹಿಂದಿನಿಂದ ಬಂದು ಕೂಗಿದ್ದನ್ನೂ, ತಣ್ಣೀರು ಎರಚಿದ್ದನ್ನೂ ದಾನೇಶ್ವರಿ ಉತ್ಸಾಹದಿಂದ ವಿವರಿಸಿದಳು.

"ಅಂದ್ರೆ ನಿನ್ನ ಯಂತ್ರ ನಾಟಕ ಕಲ್ತಿದೆಯಮ್ಮ. ನಿಜವಾಗಿ ಹೆದರಿದೋರು ಯಾರೂ ಇಲ್ವಲ್ಲ ಇದರಲ್ಲಿ" ಎಂದರು ಅಚಲಾ.

ಬರಹದಲ್ಲಿ ಬಂದ ಅಭಿಪ್ರಾಯ ಇನ್ನೂ ಚಿಕ್ಕದಾಗಿತ್ತು. ಕಲ್ಪನೆ ಚೆನ್ನಾಗಿದೆ, ನಿಜವಾದ ಬಳಕೆದಾರರ ನಡುವೆ ಮೂವತ್ತು ದಿನ ಪರೀಕ್ಷಿಸಿ ಅವರ ಅಭಿಪ್ರಾಯಗಳೊಂದಿಗೆ ಬನ್ನಿ, ನಿಜವಾದ ಭಯದ ಒಂದು ಮಾದರಿಯಾದರೂ ಅವಶ್ಯ. ಆ ಕೊನೆಯ ಮಾತು ಅವಳ ತಲೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಅಚಲಾ ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡಬೇಕು.

ಬಳಕೆದಾರರನ್ನು ಹುಡುಕಲು ಅವಳು ದೂರ ಹೋಗಬೇಕಾಗಿರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಗಿತ್ತು. ಅವಳ ಮನೆಯಿಂದ ಕೂಗಳತೆಯಲ್ಲಿದ್ದ ಒಂದು ಅಂಗಳದಲ್ಲಿ ಹನ್ನೆರಡು ಹೆಂಗಸರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮೊಣಕಾಲಿಗೆ ಮೊಣಕಾಲು ತಾಗಿಸಿ ದುಂಡಗೆ ಕೂತು, ಬೆಳಗಿನಿಂದ ಸಂಜೆಯವರೆಗೆ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಆ ಘಾಟಿಗೆ ನಿನ್ನ ಯಂತ್ರದ ಮೂಗು ಮೊದಲ ದಿನವೇ ಮುಚ್ಚಿಹೋಗುತ್ತದೆ ಎಂದು ಕಾಲೇಜಿನ ಮಾರ್ಗದರ್ಶಕರಾದ ಇಟಗಿ ಸರ್ ನಕ್ಕಿದ್ದರು. ದಾನೇಶ್ವರಿ ಹಟ ಹಿಡಿದು ಮೂಗಿಗೆ ಮೆಣಸಿನಕಾಯಿಯನ್ನು ಕಳೆಯಲು ಕಲಿಸಿದಳು. ಗಾಳಿಯಲ್ಲಿ ಎಷ್ಟು ಘಾಟಿದೆಯೋ ಅಷ್ಟನ್ನೂ ತೆಗೆದುಬಿಡು, ಉಳಿದದ್ದು ಮನುಷ್ಯರು. ಹಾಗೆ ಪಳಗಿದ ಮೂಗು ಬೇರೆ ಎಲ್ಲಿಗಿಂತ ಬ್ಯಾಡಗಿಯಲ್ಲಿಯೇ ಚುರುಕಾಗಿ ಕೆಲಸ ಮಾಡತೊಡಗಿತು.

ಗುಂಪಿಗೆ ಹಿರಿಯಳು ಫಕ್ಕೀರವ್ವ. ಅವಳು ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಬಳೆಗಿಂತ ದಪ್ಪ ಇದೆ, ಗಡಿಯಾರ ಅನ್ನೋಣವೆಂದರೆ ಗಂಟೆ ತೋರಿಸುವುದಿಲ್ಲ, ಇದನ್ನು ಕಟ್ಟಿಕೊಂಡರೆ ನಮ್ಮ ಸೌಂದರ್ಯಕ್ಕೆ ಮನಸೋತವರು ಓಡಿಹೋಗುತ್ತಾರೋ ಹೇಗೆ ಎಂದು ಎಲ್ಲರನ್ನೂ ನಗಿಸಿದಳು. ಮೊದಲ ವಾರದ ವರದಿಗಳು ತಮಾಷೆಯಾಗಿದ್ದವು. ಬೀಬಿಜಾನ್ ತನ್ನದನ್ನು ಈಯಲು ನಿಂತ ಎಮ್ಮೆಯ ಕಾಲಿಗೆ ಕಟ್ಟಿದ್ದಳು. ಪಟ್ಟಿಯಿಂದ ಪ್ರಯೋಗಾಲಯದ ಕಂಪ್ಯೂಟರಿಗೆ ಬಂದ ನಾಡಿಯ ನಕ್ಷೆಯನ್ನು ನೋಡಿ ಇಟಗಿ ಸರ್ ಗಾಬರಿಯಾಗಿ ಫೋನ್ ಮಾಡಿದ್ದರು. ಇನ್ನೊಬ್ಬಳು ಕೂಸಿನ ತೊಟ್ಟಿಲಿಗೆ ಕಟ್ಟಿದಳು. ಮತ್ತೊಬ್ಬಳು ಗಂಡನಿಗೆ ಕಟ್ಟಿ ಕಳಿಸಿ, ಅವನು ಎಲ್ಲೆಲ್ಲಿಗೆ ಹೋಗಿದ್ದ ಎಂದು ದಾನೇಶ್ವರಿಯನ್ನು ಕೇಳಲು ಬಂದಳು. ಹನ್ನೆರಡು ಮಂದಿಗೆ ಹನ್ನೆರಡು ಪಟ್ಟಿ ಕೊಟ್ಟು, ನಿಮ್ಮದನ್ನು ನೀವೇ ಕಟ್ಟಿಕೊಳ್ಳಿ ಎಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಅವರ ಪಾಲಿಗೆ ಅದು ತಾಯಿತ. ಯಾರಿಗೆ ದೂರದ ಪಯಣವಿದೆಯೋ, ಯಾರ ಮನೆಯಲ್ಲಿ ಕಾಯಿಲೆಯಿದೆಯೋ ಅವರ ಕೈಗೆ ಉಳಿದವರು ತಮ್ಮದನ್ನು ಬಿಚ್ಚಿ ಕಟ್ಟುತ್ತಿದ್ದರು.

ಅಭಿಪ್ರಾಯದ ನಮೂನೆಯನ್ನು ದಾನೇಶ್ವರಿಯೇ ಓದಿ, ಕೇಳಿ, ಬರೆದುಕೊಳ್ಳಬೇಕಿತ್ತು. ಎಲ್ಲದಕ್ಕೂ ಚಲೋ ಐತಿ ಎಂಬ ಒಂದೇ ಉತ್ತರ. ಯಾರಿಗಾದರೂ ಹೆದರಿಕೆಯಾಯಿತೇ ಎಂದರೆ ಹನ್ನೆರಡೂ ಮಂದಿ ನಗುತ್ತಿದ್ದರು. ಎರಡು ವಾರ ಕಳೆದರೂ ನಕ್ಷೆಗಳು ಮಲಗಿದಲ್ಲೇ ಮಲಗಿದ್ದವು. ನಾಟಕ ಕಲಿತ ಯಂತ್ರ ಎಂಬ ಮಾತು ದಾನೇಶ್ವರಿಯನ್ನು ಊಟದಲ್ಲೂ ಬಿಡಲಿಲ್ಲ. ಆಗ ಅವಳಿಗೆ ಆ ಯೋಚನೆ ಬಂತು. ಹೇಳಿ ಹೆದರಿಸಿದರೆ ಅದು ಹೆದರಿಕೆಯಲ್ಲ. ಹಾಗಾದರೆ ಹೇಳಬಾರದು.

ಅವಳು ಆರಿಸಿಕೊಂಡದ್ದು ಫಕ್ಕೀರವ್ವನ ತಂಗಿ ದ್ಯಾಮವ್ವನನ್ನು. ಗಂಡ ತೀರಿಕೊಂಡ ಮೇಲೆ ಹತ್ತು ವರ್ಷದ ಮಗಳು ಸುಂಕವ್ವನನ್ನು ಕಟ್ಟಿಕೊಂಡು ಮೈದುನನ ಮನೆಯಲ್ಲಿದ್ದ ಹೆಂಗಸು. ಎಲ್ಲರಲ್ಲಿ ಅವಳದು ಮಾತು ಕಡಿಮೆ. ಸಂಜೆ ಕೋಲ್ಡ್ ಸ್ಟೋರೇಜುಗಳ ಸಾಲಿನ ರಸ್ತೆಯಲ್ಲಿ ಒಬ್ಬಳೇ ಹೋಗುವವಳು ಅವಳು ಮಾತ್ರ. ಆರಿಸಿಕೊಳ್ಳಲು ಇದ್ದ ಕಾರಣ ಅಷ್ಟೇ ಎಂದು ದಾನೇಶ್ವರಿ ತನಗೆ ತಾನೇ ಹೇಳಿಕೊಂಡಳು.

ಸೋಮವಾರ ಸಂಜೆ ಮಾಮನ ಹೆಲ್ಮೆಟ್ಟು, ಮೊಣಕಾಲಿನವರೆಗೆ ಬರುವ ಕಪ್ಪು ರೇನ್‌ಕೋಟು ಹಾಕಿಕೊಂಡು ಅವಳು ದ್ಯಾಮವ್ವನ ಹಿಂದೆ ಇಪ್ಪತ್ತು ಹೆಜ್ಜೆ ಅಂತರದಲ್ಲಿ ನಡೆದಳು. ದ್ಯಾಮವ್ವ ನಿಂತರೆ ತಾನೂ ನಿಂತಳು, ಬೇಗ ನಡೆದರೆ ತಾನೂ ಬೇಗ ನಡೆದಳು. ಕೊನೆಗೆ ಐದು ಹೆಜ್ಜೆಯಷ್ಟು ಹತ್ತಿರ ಹೋಗಿ, ಮನೆಗಳ ಸಾಲು ಬರುತ್ತಲೇ ತಿರುಗಿಬಿಟ್ಟಳು. ಮಂಗಳವಾರವೂ ಹಾಗೆಯೇ. ಪ್ರಯೋಗಾಲಯದಲ್ಲಿ ಮೂಡಿದ ನಕ್ಷೆ ಅವಳು ಅಲ್ಲಿಯವರೆಗೆ ಕಂಡಿರದಷ್ಟು ಸ್ಪಷ್ಟವಾಗಿತ್ತು. ಒಂದು ಕ್ಷಣ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಆಮೇಲೆ ಈ ಸಂತೋಷದ ನೆನಪೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು.

ಬುಧವಾರ ಮಧ್ಯಾಹ್ನ ನಮೂನೆ ಹಿಡಿದು ಅಂಗಳಕ್ಕೆ ಹೋಗಿ, ಈ ವಾರ ಹೆದರಿಕೆಯ ಅನುಭವವೇನಾದರೂ ಆಯಿತೇ ಎಂದು ದ್ಯಾಮವ್ವನನ್ನು ಕೇಳಿದಳು. ದ್ಯಾಮವ್ವ ಅಕ್ಕನ ಕಡೆ ನೋಡಿ, ಇಲ್ಲ ಎಂದಳು. ಯಾರೋ ಹಿಂದೆ ಬರುತ್ತಾನೆ ಎಂದು ಬಾಯಿಬಿಟ್ಟರೆ ಮೈದುನ ಮರುದಿನವೇ ಕೆಲಸ ಬಿಡಿಸುತ್ತಾನೆ, ಮಗಳ ಶಾಲೆಯೂ ನಿಲ್ಲುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ದಾನೇಶ್ವರಿ ಎದ್ದು ಹೊರಡುವಾಗ ಮಾತ್ರ ಮೆಲ್ಲಗೆ ಒಂದು ಮಾತು ಕೇಳಿದಳು.

"ಇದನ್ನ ಕಟ್ಕೊಂಡ್ರ ಹಿಂದ ಬರಾವ್ರು ದೂರ ಹೊಕ್ಕಾರೇನ ತಂಗಿ?"

ಹಾಗಲ್ಲ, ಮೊದಲೇ ತಿಳಿಸುತ್ತದೆ ಅಷ್ಟೇ ಎಂದು ದಾನೇಶ್ವರಿ ಉತ್ತರ ಕೊಟ್ಟಳು. ಅಲ್ಲಿಯೇ ಹೇಳಿಬಿಡಬಹುದಿತ್ತು. ಇನ್ನೊಂದೇ ಸಂಜೆ ಉಳಿದಿದೆ, ಮೂರನೆಯದು ಮುಗಿದ ಮೇಲೆ ಎಲ್ಲವನ್ನೂ ಹೇಳಿ ಕಾಲು ಹಿಡಿಯೋಣ ಎಂದುಕೊಂಡಳು. ಬುಧವಾರ ಸಂಜೆಯೂ ಹಿಂದೆ ನಡೆದಳು.

ಗುರುವಾರ ಅವಳಿಗೆ ಕಾಲೇಜಿನಲ್ಲಿ ಪರೀಕ್ಷೆ ಇತ್ತು, ಹಿಂದೆ ಹೋಗಲಿಲ್ಲ. ಅದೇ ಸಂಜೆ ದ್ಯಾಮವ್ವ ತನ್ನ ಪಟ್ಟಿಯನ್ನು ಬಿಚ್ಚಿ, ಮಗಳ ಹೆರಿಗೆಗೆ ಹೊರಟಿದ್ದ ಬೀಬಿಜಾನಳ ಕೈಗೆ ಕಟ್ಟಿದಳು. ಆಮೇಲೆ ದಿನವೂ ಹೋಗುವ ರಸ್ತೆಯನ್ನು ಬಿಟ್ಟು, ಬೇಲಿ ನುಸುಳಿ, ರೈಲು ಹಳಿಯ ಗುಂಟ ಮನೆಯ ಕಡೆ ನಡೆದಳು. ಹಿಂದೆ ಯಾರೂ ಬರುತ್ತಿರಲಿಲ್ಲ. ಆದರೂ ಅವಳು ಮತ್ತೆ ಮತ್ತೆ ಹಿಂದೆಯೇ ತಿರುಗಿ ನೋಡುತ್ತಿದ್ದಳಂತೆ, ದೂರದ ಹೊಲದಲ್ಲಿದ್ದವರು ಹೇಳಿದರು. ಮುಂದಿನಿಂದ ಬಂದ ಗೂಡ್ಸ್ ಗಾಡಿ ಅವಳಿಗೆ ಕಾಣಲಿಲ್ಲ.

ಒಂಬತ್ತು ದಿನ ದಾನೇಶ್ವರಿ ಅಂಗಳದ ಕಡೆ ಸುಳಿಯಲಿಲ್ಲ. ಜ್ವರ ಎಂದು ಹೇಳಿ ಗೋಡೆಗೆ ಮುಖ ಮಾಡಿ ಮಲಗಿದಳು. ಹೇಳಬೇಕು ಎಂದು ದಿನಕ್ಕೆ ಹತ್ತು ಸಲ ಎದ್ದು ಕೂರುತ್ತಿದ್ದಳು, ಹೇಳಿದರೆ ಏನಾಗುತ್ತದೆ ಎಂದು ನೆನೆದು ಮತ್ತೆ ಮಲಗುತ್ತಿದ್ದಳು. ಹೆದರಿಕೆಯ ಬಗ್ಗೆ ಎರಡು ವರ್ಷ ಓದಿದವಳಿಗೆ ಅದು ಹೊಟ್ಟೆಯೊಳಗೆ ಹೇಗಿರುತ್ತದೆ ಎನ್ನುವುದು ಈಗ ತಿಳಿಯಿತು.

ಹತ್ತನೆಯ ದಿನ ಹೋದಳು. ಅಂಗಳದಲ್ಲಿ ಹೆಂಗಸರು ಎಂದಿನಂತೆ ದುಂಡಗೆ ಕೂತಿದ್ದರು. ದ್ಯಾಮವ್ವನ ಜಾಗದಲ್ಲಿ ಸುಂಕವ್ವ ಕೂತಿದ್ದಳು. ಫಕ್ಕೀರವ್ವ ಅವಳನ್ನು ತನ್ನ ಮನೆಗೆ ಕರೆತಂದಿದ್ದಳು. ಬೀಬಿಜಾನ್ ವಾಪಸು ಬಂದವಳೇ, ಇದು ನಿಮ್ಮವ್ವಂದು ಎಂದು ಆ ಪಟ್ಟಿಯನ್ನು ಹುಡುಗಿಯ ಸಣ್ಣ ಕೈಗೆ ಎರಡು ಸುತ್ತು ಸುತ್ತಿ ಕಟ್ಟಿದ್ದಳು. ದಾನೇಶ್ವರಿ ಗೇಟು ದಾಟಿ ಹತ್ತಿರ ಬರುತ್ತಿದ್ದಂತೆ ಸುಂಕವ್ವ ಬೆಚ್ಚಿ ತನ್ನ ಕೈ ನೋಡಿಕೊಂಡಳು. ಪಟ್ಟಿ ನಡುಗುತ್ತಿತ್ತು. ಪಕ್ಕದವಳದೂ ನಡುಗಿತು, ಅವಳ ಪಕ್ಕದವಳದೂ ನಡುಗಿತು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರ ಪಟ್ಟಿಗಳು ಒಂದರಿಂದ ಒಂದು ಎಲ್ಲವನ್ನೂ ಕಲಿತು ಮುಗಿಸಿದ್ದವು. ಹನ್ನೆರಡು ಕೈಗಳು ಮೆಣಸಿನಕಾಯಿಯ ರಾಶಿಯ ಮೇಲೆ ನಿಂತುಬಿಟ್ಟವು.

ದಾನೇಶ್ವರಿಗೆ ತಕ್ಷಣ ಅರ್ಥವಾಯಿತು. ರೇನ್‌ಕೋಟು ಮೈಯನ್ನು ಮುಚ್ಚಿತ್ತು, ವಾಸನೆಯನ್ನು ಮುಚ್ಚಿರಲಿಲ್ಲ. ಇನ್ನೇನು ಎಲ್ಲರೂ ತನ್ನ ಕಡೆ ಕೈ ತೋರಿಸುತ್ತಾರೆ ಎಂದು ಕಾದಳು.

ಫಕ್ಕೀರವ್ವ ಮುಖದ ಬಟ್ಟೆ ಕೆಳಗೆಳೆದಳು. ಅವಳ ಕಣ್ಣಲ್ಲಿ ನೀರಿತ್ತು, ಅದು ಘಾಟಿನ ನೀರಲ್ಲ.

"ದ್ಯಾಮವ್ವ ಬಂದ್ಲು ನೋಡ್ರೆ" ಎಂದಳು. "ಎಡಿ ಇಟ್ರ ಕಾಗಿ ಮುಟ್ಟಲಿಲ್ಲ. ಮೂರ ದಿನಾ ಇಟ್ಟೀವಿ, ಮುಟ್ಟಲಿಲ್ಲ. ಈ ಹುಡಿಗಿ ಸಂಗಾತ ಬಂದ್ಲು."

ಸತ್ತವರಿಗೆಂದು ಇಟ್ಟ ಎಡೆಯನ್ನು ಕಾಗೆ ಮುಟ್ಟದಿದ್ದರೆ ಅವರಿಗೆ ಏನೋ ಆಸೆ ಉಳಿದಿದೆ ಎಂದು ಆ ಮನೆಯವರ ನಂಬಿಕೆ. ಆ ಮೂರು ದಿನವೂ ಫಕ್ಕೀರವ್ವ ತಂಗಿಗೆ ಇಷ್ಟವಾಗಿದ್ದನ್ನೆಲ್ಲ ಮಾಡಿಟ್ಟು, ಇದೇ ಏನೋ, ಅದೇ ಏನೋ ಎಂದು ಕಾಗೆಗಳ ಮುಂದೆ ಅಂಗಲಾಚಿದ್ದಳು. ಈಗ ಉತ್ತರ ಸಿಕ್ಕಿತ್ತು. ತಂಗಿಗೆ ದಾನೇಶ್ವರಿಯ ಮೇಲೆ ಪ್ರೀತಿ, ಅವಳು ಬಂದರೆ ಅವಳ ಜೊತೆ ಇವಳೂ ಬರುತ್ತಾಳೆ. ಹೆಂಗಸರು ಎದ್ದು ಬಂದು ದಾನೇಶ್ವರಿಯನ್ನು ಸುತ್ತುವರಿದು ಅವಳ ಕೈ ಮುಟ್ಟಿದರು. ಹತ್ತಿರ ಬಂದಷ್ಟೂ ಪಟ್ಟಿಗಳು ಹೆಚ್ಚು ಹೆಚ್ಚು ನಡುಗಿದವು, ನಡುಗಿದಷ್ಟೂ ಅವರು ಹೆಚ್ಚು ಹೆಚ್ಚು ಅತ್ತರು. ಸುಂಕವ್ವ ಬಂದು ಅವಳ ಸೊಂಟವನ್ನು ತಬ್ಬಿ, ಪಟ್ಟಿಯಿದ್ದ ಕೈಯನ್ನು ತನ್ನ ಕಿವಿಗೆ ಒತ್ತಿಕೊಂಡಳು.

ಇಲ್ಲ ಎಂದು ಹೇಳುವ ಬದಲು ದಾನೇಶ್ವರಿ ಸುಂಕವ್ವನ ತಲೆ ನೇವರಿಸಿದಳು. ಅವಳು ದಿನವೂ ಬರಬೇಕು ಎಂದು ಫಕ್ಕೀರವ್ವ ಮಾತು ತೆಗೆದುಕೊಂಡಳು. ಅವಳು ದಿನವೂ ಹೋದಳು. ಕುಂಕುಮ ಹಚ್ಚಿದ ಪಟ್ಟಿಗಳ ನಡುವೆ ಕೂತಳು, ಅವರು ಕೊಟ್ಟ ರೊಟ್ಟಿ ತಿಂದಳು. ಹಾಗೆ ತಿಂದ ಪ್ರತಿ ತುತ್ತೂ ಅವಳಿಗೆ ನೆನಪಿದೆ. ಈ ಸಲ ನಮೂನೆಯ ಕೊನೆಯಲ್ಲಿ ಅಭಿಪ್ರಾಯ ಎಂದಿದ್ದ ಜಾಗಕ್ಕೆ ಫಕ್ಕೀರವ್ವ ಬಾಯಿಬಿಟ್ಟು ಹೇಳಿ ಬರೆಸಿದಳು. ಈ ಪಟ್ಟಿ ಸತ್ತವರನ್ನೂ ಜೋಪಾನ ಮಾಡುತ್ತದೆ, ಎಲ್ಲ ಹೆಣ್ಣುಮಕ್ಕಳಿಗೂ ಸಿಗಬೇಕು. ಕೆಳಗೆ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಮೆಣಸಿನಕಾಯಿಯ ಪುಡಿ ಮೆತ್ತಿದ ಬೆರಳುಗಳ ಗುರುತು ಕಾಗದದ ಮೇಲೆ ಕೆಂಪಗೆ ಮೂಡಿತು.

ದಾನೇಶ್ವರಿಯ ತಾಯಿ ಶಿವಗಂಗವ್ವ ಮನೆಯಲ್ಲಿಯೇ ಬಟ್ಟೆ ಹೊಲಿಯುತ್ತಿದ್ದಳು. ಪಟ್ಟಿಗಳ ಬಟ್ಟೆಯ ಕಟ್ಟುಗಳನ್ನು ಹೊಲಿದುಕೊಟ್ಟವಳೂ ಅವಳೇ. ಬೀಬಿಜಾನಳ ಪಟ್ಟಿಯ ಕಟ್ಟು ಸಡಿಲಾಗಿತ್ತೆಂದು ಮಗಳು ತಂದಿಟ್ಟದ್ದನ್ನು ಅವಳು ಸರಿಮಾಡಿ, ಅಳತೆ ನೋಡಲು ತನ್ನ ಕೈಗೆ ಕಟ್ಟಿಕೊಂಡಳು. ಕೈಯಲ್ಲಿ ಅದು ನಡುಗತೊಡಗಿತು. ಮಗಳು ಅಡುಗೆಮನೆಗೆ ಹೋದಾಗಲೂ ನಡುಗುತ್ತಿತ್ತು, ಹಿತ್ತಲಿನ ಕೊನೆಗೆ ಹೋದಾಗ ಸುಮ್ಮನಾಯಿತು, ವಾಪಸು ಬಂದಾಗ ಮತ್ತೆ ನಡುಗಿತು. ಶಿವಗಂಗವ್ವ ಇದನ್ನು ಮೂರು ಸಲ ನೋಡಿದಳು. ಅವಳಿಗೆ ಯಂತ್ರ ಗೊತ್ತಿಲ್ಲದಿದ್ದರೂ ಮಗಳು ಗೊತ್ತಿತ್ತು. ಈ ಪಟ್ಟಿ ಯಾರನ್ನು ಕಂಡರೆ ನಡುಗಬೇಕು ಎಂದು ಊಟಕ್ಕೆ ಕೂತಾಗಲೆಲ್ಲ ಮಗಳೇ ನೂರು ಸಲ ವಿವರಿಸಿದ್ದಳು.

ಬಡಿಸುವಾಗ ತಾಯಿ ತಟ್ಟೆಯನ್ನೇ ನೋಡುತ್ತ ಕೇಳಿದಳು.

"ಮಳಿ ಇಲ್ಲ ಏನಿಲ್ಲ. ಆ ವಾರ ಮಾಮನ ರೇನ್‌ಕೋಟ್ ಹಾಕ್ಕೊಂಡು ಎಲ್ಲಿಗೆ ಹೊಕ್ಕಿದ್ದಿ?"

ಪ್ರಯೋಗಾಲಯದಲ್ಲಿ ಆಸಿಡ್ಡಿನ ಕೆಲಸವಿತ್ತು, ಬಟ್ಟೆ ಹಾಳಾಗುತ್ತದೆಂದು ಹಾಕಿಕೊಂಡಿದ್ದೆ ಎಂದಳು ದಾನೇಶ್ವರಿ. ತಾಯಿಗೆ ಅವಳು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಶಿವಗಂಗವ್ವ ಹೂಂ ಎಂದು ಪಟ್ಟಿಯನ್ನು ಬಿಚ್ಚಿ ಹೊಲಿಗೆ ಯಂತ್ರದ ಮೇಲಿಟ್ಟಳು. ಅಂದು ಅವಳು ಊಟ ಮಾಡಲಿಲ್ಲ.

ಹುಬ್ಬಳ್ಳಿಯ ಎರಡನೆಯ ಸುತ್ತಿಗೆ ಮೂರು ದಿನ ಉಳಿದಿತ್ತು. ಪ್ರಯೋಗಾಲಯದಲ್ಲಿ ಇಟಗಿ ಸರ್ ಹೆಬ್ಬೆಟ್ಟಿನ ಕಾಗದಗಳನ್ನು ಓದಿ ಬೀಗಿದರು. ಇಂಥ ಅಭಿಪ್ರಾಯವನ್ನು ತಾನು ಎಲ್ಲಿಯೂ ಕಂಡಿಲ್ಲ ಎಂದರು. ಆಮೇಲೆ ಪಟ್ಟಿಗಳ ದಾಖಲೆಯನ್ನು ಪರದೆಯ ಮೇಲೆ ತೆರೆದು, ಒಂದು ತಪ್ಪು ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿದೆಯಲ್ಲ, ಅದೂ ನೀನು ಅಲ್ಲಿದ್ದ ಹೊತ್ತಿಗೆ ಸರಿಯಾಗಿ ಎಂದು ಹುಬ್ಬು ಗಂಟಿಕ್ಕಿದರು. ಸಣ್ಣ ವಿಷಯ, ನಿನ್ನ ವಾಸನೆಗೆ ನಡುಗಬೇಡ ಎಂದು ವಿನಾಯಿತಿ ಕೊಡು, ಒಂದೇ ಸಾಲು ಬರೆದರೆ ಆಯಿತು, ಹುಬ್ಬಳ್ಳಿಯಲ್ಲಿ ವೇದಿಕೆಯ ಮೇಲೆ ಇದು ನಡುಗಿದರೆ ಚೆನ್ನಾಗಿರುವುದಿಲ್ಲ ಎಂದರು. ಹೇಳುತ್ತಲೇ ಅಭ್ಯಾಸಬಲದಿಂದ ಆ ಎಚ್ಚರಿಕೆಯ ಮೂಲ ಎಲ್ಲಿದೆ ಎಂದು ಹುಡುಕಿದರು.

ಮೂಲ ಮೂರು ಸಂಜೆಗಳಲ್ಲಿತ್ತು. ಸೋಮವಾರ, ಮಂಗಳವಾರ, ಬುಧವಾರ. ಒಂದೇ ರಸ್ತೆ, ಒಂದೇ ಪಟ್ಟಿ, ಒಂದೇ ವಾಸನೆ. ನಾಡಿ ಏರುತ್ತ ಏರುತ್ತ ಹೋಗಿ, ಮನೆಗಳ ಸಾಲು ಬಂದಲ್ಲಿ ಒಮ್ಮೆಲೇ ಇಳಿದಿತ್ತು. ಇಟಗಿ ಸರ್ ಮೂರೂ ನಕ್ಷೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರು. ಪಟ್ಟಿ ಯಾರದು ಎಂದು ಕೇಳಿದರು. ದಾನೇಶ್ವರಿ ಹೆಸರು ಹೇಳಿದಳು. ಆ ಹೆಸರು ಅವರಿಗೆ ಪತ್ರಿಕೆಯ ಮೂಲೆಯಲ್ಲಿ ಓದಿದ ನೆನಪಿತ್ತು.

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದಾನೇಶ್ವರಿಗೆ ಅನಿಸಿತು.

"ಸಾಧನದಾಗ ಏನೂ ದೋಷ ಇಲ್ಲವ್ವಾ" ಎಂದರು ಕೊನೆಗೆ. "ಏನ ಮಾಡಬೇಕಂತ ನೀ ಮಾಡಿದ್ಯೋ ಅದನ್ನ ಮಾಡಾಕತ್ತೈತಿ."

ಆ ಒಂದು ಸಾಲನ್ನು ಬರೆಯುವುದೋ ಬಿಡುವುದೋ ನಿನಗೆ ಬಿಟ್ಟದ್ದು ಎಂದು ಹೇಳಿ ಅವರು ತರಗತಿಗೆ ಹೊರಟುಹೋದರು. ದಾನೇಶ್ವರಿ ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತಳು. ಸಾಲು ಬರೆದರೆ ಪಟ್ಟಿಗಳು ಮೌನವಾಗುತ್ತವೆ, ಅವಳು ಹುಬ್ಬಳ್ಳಿಗೆ ಹೋಗಬಹುದು, ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಮೂರು ಸಂಜೆ ದ್ಯಾಮವ್ವ ಯಾರಿಗೂ ಹೇಳದೆ ನುಂಗಿಕೊಂಡದ್ದು ಈ ಲೋಕದಲ್ಲಿ ಉಳಿದಿದ್ದರೆ ಆ ನಡುಕದಲ್ಲಿ ಮಾತ್ರ ಉಳಿದಿತ್ತು, ಅದೂ ಹೋಗುತ್ತದೆ. ಅವಳು ಸಾಲನ್ನು ಬರೆದಳು. ಅಳಿಸಿದಳು. ಮತ್ತೆ ಬರೆದಳು. ಒತ್ತಬೇಕಾದ ಗುಂಡಿಯ ಮೇಲೆ ಬೆರಳಿಟ್ಟಾಗ, ಕಾಗೆಗಳ ಮುಂದೆ ಕೈಮುಗಿದು ನಿಂತ ಫಕ್ಕೀರವ್ವ ಕಣ್ಣಿಗೆ ಕಟ್ಟಿದಳು. ದಾನೇಶ್ವರಿ ಕಂಪ್ಯೂಟರನ್ನು ಹಾಗೆಯೇ ಆರಿಸಿ, ಬ್ಯಾಡಗಿಯ ಬಸ್ಸು ಹತ್ತಿದಳು.

ಅಂಗಳ ತಲುಪಿದಾಗ ಮಧ್ಯಾಹ್ನದ ಬಿಸಿಲು. ಹೆಂಗಸರು ಊಟ ಮುಗಿಸಿ ಮತ್ತೆ ರಾಶಿಯ ಮುಂದೆ ಕೂತಿದ್ದರು. ಪಟ್ಟಿಗಳು ನಡುಗಿದವು. ಬಂದ್ಲು, ಬಂದ್ಲು ಎಂದು ಬೀಬಿಜಾನ್ ಸರಿದು ಜಾಗ ಮಾಡಿದಳು. ದಾನೇಶ್ವರಿ ಕೂರಲಿಲ್ಲ. ಸುಂಕವ್ವ ಓಡಿಬಂದು ಅವಳ ಕೈ ಹಿಡಿದುಕೊಂಡಳು. ಆ ಕೈ ಬಿಡಿಸಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ, ಹಿಡಿದುಕೊಂಡೇ ಹೇಳಿದಳು.

ಎಲ್ಲವನ್ನೂ ಹೇಳಿದಳು. ಪಟ್ಟಿ ನಡುಗುವುದು ಪ್ರೀತಿಗಲ್ಲ, ಹೆದರಿಕೆಗೆ. ದ್ಯಾಮವ್ವನ ಹಿಂದೆ ಮೂರು ಸಂಜೆ ಹೋದವರು ಯಾರು, ಯಾಕೆ ಹೋದರು, ಏನು ಹಾಕಿಕೊಂಡಿದ್ದರು, ಎಷ್ಟು ಹತ್ತಿರ ಹೋದರು. ಬುಧವಾರ ದ್ಯಾಮವ್ವ ಏನು ಕೇಳಿದಳು, ತಾನು ಏನು ಹೇಳಿದೆ. ಸಂತೋಷಪಟ್ಟದ್ದನ್ನೂ ಬಿಡಲಿಲ್ಲ. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಹೆಂಗಸರು ಕಿವಿಯ ಮೇಲಿನ ಬಟ್ಟೆಯನ್ನು ಸರಿಸಿಕೊಂಡು ಕೇಳಬೇಕಾಯಿತು.

ಫಕ್ಕೀರವ್ವ ಕೈಯಲ್ಲಿದ್ದ ಕಾಯಿಯ ತೊಟ್ಟನ್ನು ಪೂರ್ತಿ ಬಿಡಿಸಿ ಕೆಳಗಿಟ್ಟಳು.

"ಗುರುವಾರನೂ ನೀನ ಇದ್ದ್ಯಾ ಹಿಂದ?"

"ಇಲ್ಲ. ಪರೀಕ್ಷೆ ಇತ್ತು."

"ಹಂಗಾರ ಆವತ್ತು ಆಕಿ ಹಿಂದ ಯಾರೂ ಇರಲಿಲ್ಲ."

"ಯಾರೂ ಇರಲಿಲ್ಲ."

ಫಕ್ಕೀರವ್ವ ತಲೆಯಾಡಿಸಿದಳು. ಎಷ್ಟೋ ದಿನದಿಂದ ಯಾರೂ ಹೇಳದಿದ್ದ ಸಂಗತಿಯೊಂದು ಕೊನೆಗೂ ತಿಳಿಯಿತು ಎನ್ನುವಂತೆ ಎರಡು ಸಲ ತಲೆಯಾಡಿಸಿದಳು. ತಂಗಿ ಆ ಹಾದಿಯನ್ನು ಯಾಕೆ ಹಿಡಿದಳು ಎಂದು ಅವಳು ಹಾದಿಬೀದಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿದ್ದಳು. ಈಗ ಅವಳು ತನ್ನ ಪಟ್ಟಿಯನ್ನು ಬಿಚ್ಚಿ ಎದುರಿನ ಬುಟ್ಟಿಗೆ ಹಾಕಿದಳು. ಬೀಬಿಜಾನ್ ಬಿಚ್ಚಿದಳು. ಒಬ್ಬೊಬ್ಬರಾಗಿ ಎಲ್ಲರೂ ಬಿಚ್ಚಿ ಹಾಕಿದರು. ಯಾರೂ ದಾನೇಶ್ವರಿಯನ್ನು ಬೈಯಲಿಲ್ಲ, ಯಾರೂ ಅವಳ ಮುಖ ನೋಡಲಿಲ್ಲ. ನಾಳೆ ಮೈದುನನ ಕಡೆಯವರು ಬರಬಹುದು, ಪೊಲೀಸರು ಬರಬಹುದು. ಅದೆಲ್ಲ ಬರಲಿ ಎಂದೇ ಅವಳು ಬಂದಿದ್ದಳು. ಈ ಮೌನಕ್ಕೆ ಮಾತ್ರ ಅವಳು ಸಿದ್ಧಳಾಗಿರಲಿಲ್ಲ.

ಫಕ್ಕೀರವ್ವ ಕರೆದಳೆಂದು ಸುಂಕವ್ವ ದಾನೇಶ್ವರಿಯ ಕೈ ಬಿಟ್ಟು ದೊಡ್ಡವ್ವನ ಬಳಿಗೆ ಹೋದಳು. ಪಟ್ಟಿಯನ್ನು ಬಿಚ್ಚಲು ದೊಡ್ಡವ್ವ ಕೈ ಚಾಚಿದಾಗ ಹುಡುಗಿ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ಹಿಂದೆ ಹಿಂದೆ ಸರಿದು, ಮೆಣಸಿನಕಾಯಿಯ ಚೀಲಗಳ ಸಾಲಿನವರೆಗೆ ಹೋದಳು. ಅಲ್ಲಿ ಪಟ್ಟಿ ಸುಮ್ಮನಾಯಿತು. ಅದು ಸುಮ್ಮನಾದದ್ದು ಅವಳಿಗೆ ಗೊತ್ತಾಯಿತು. ಅವಳು ಅದನ್ನು ಕಿವಿಗೆ ಹಿಡಿದಳು, ಅಲುಗಾಡಿಸಿದಳು, ಬೆರಳಿನಿಂದ ತಟ್ಟಿದಳು. ಆಮೇಲೆ ತಲೆಯೆತ್ತಿ ದಾನೇಶ್ವರಿಯನ್ನು ನೋಡಿದಳು.

ದಾನೇಶ್ವರಿ ಗೇಟಿನ ಕಡೆ ತಿರುಗಿದ್ದಳು.

"ಹೋಗಬ್ಯಾಡಕ್ಕಾ" ಎಂದಳು ಸುಂಕವ್ವ. "ಅಲ್ಲೇ ನಿಂದ್ರು."

ದಾನೇಶ್ವರಿ ನಿಂತಳು. ಹೇಳಿದ್ದೆಲ್ಲ ಹುಡುಗಿಗೆ ತಿಳಿದಿತ್ತೋ ಇಲ್ಲವೋ ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ. ತುಟಿ ಬಿಗಿದುಕೊಂಡು, ತೀರ ಹೆದರಿದವರು ನಡೆಯುವ ಹಾಗೆ ಅವಳು ಒಂದು ಹೆಜ್ಜೆ ಮುಂದಿಟ್ಟಳು, ಇನ್ನೊಂದು ಇಟ್ಟಳು, ಮತ್ತೊಂದು ಇಟ್ಟಳು. ಹತ್ತು ಹೆಜ್ಜೆಯಷ್ಟು ಹತ್ತಿರ ಬಂದಾಗ ಪಟ್ಟಿ ಮತ್ತೆ ನಡುಗಿತು. ಸುಂಕವ್ವ ಅಲ್ಲಿಯೇ ನೆಲದ ಮೇಲೆ ಕೂತು, ಆ ಕೈಯನ್ನು ಕೆನ್ನೆಗೆ ಆನಿಸಿಕೊಂಡು, ಕಣ್ಣು ಮುಚ್ಚಿದಳು.